ಗೇಟಿನ ಅಗಲ

ನಾನು ಹುಟ್ಟಿ ಬೆಳೆದದ್ದು ಹಿಂದೂಪುರದಲ್ಲಿ, ಸೊಸೆಯಾಗಿ ಬಂದದ್ದು ಕಲ್ಯಾಣದುರ್ಗಕ್ಕೆ. ಎರಡು ಊರಲ್ಲೂ ನಮ್ಮ ಚರ್ಚು ಬಸ್ಸು ಓಡಾಡುವ ರಸ್ತೆಗೇ ಇದೆ. ಅಂಥ ಜಾಗ ಯಾರ ಕಣ್ಣಿಗೂ ಬೀಳದೆ ಎಷ್ಟು ದಿನ ಇದ್ದೀತು? ಮೊದಲು ಹಿಂದೂಪುರದ ಕಮಿಟಿಯವರ ಕಣ್ಣಿಗೆ ಬಿತ್ತು. ಕಾಂಪೌಂಡು ಗೋಡೆ ಕೆಡವಿ ಸಾಲಾಗಿ ಮಳಿಗೆ ಕಟ್ಟಿಸಿದರು. ಬಾಡಿಗೆ ಬಂತು, ಸೋರುತ್ತಿದ್ದ ಚಾವಣಿ ರಿಪೇರಿಯಾಯಿತು. ತವರಿಗೆ ಹೋದಾಗ ನೋಡಿ ನಾನೂ ಖುಷಿಪಟ್ಟೆ. ಇನ್ನೊಂದು ಮಳಿಗೆಗೆ ಜಾಗ ಸಿಗಲಿ ಎಂದು ಗೇಟನ್ನು ಕಿರಿದು ಮಾಡಿದ್ದರು. ಜನ ಬರುವುದು ನಡೆದುಕೊಂಡು, ಇಲ್ಲವೇ ಬೈಕಿನಲ್ಲಿ, ಅಷ್ಟಕ್ಕೆ ಇದು ಸಾಕು ಎಂಬುದು ಅವರ ಅಂದಾಜು. ಚರ್ಚಿಗೆ ಮನುಷ್ಯ ಕಡೆಯ ಸಲ ಬರುವುದು ಹೇಗೆಂದು ಆ ದೊಡ್ಡವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ನನ್ನ ಅಮ್ಮ ತೀರಿಕೊಂಡ ದಿನ. ಆ ಕಡೆ ಮೂವರು, ಈ ಕಡೆ ಮೂವರು ಪೆಟ್ಟಿಗೆ ಹೊತ್ತು ಬಂದರೆ ಗೇಟಿನಲ್ಲಿ ಹಿಡಿಸಲೇ ಇಲ್ಲ. ಪಕ್ಕದವರು ಕೈಬಿಟ್ಟು, ಮುಂದಿಬ್ಬರು ಹಿಂದಿಬ್ಬರಾಗಿ ನುಸುಳಿಸುವಾಗ ಪೆಟ್ಟಿಗೆ ವಾಲಿತು. ಒಳಗೆ ಅಮ್ಮ ಒಂದು ಮಗ್ಗುಲಿಗೆ ಸರಿದ ಸದ್ದು ನನಗೆ ಕೇಳಿಸಿತು. ಪಕ್ಕದ ಬೇಕರಿಯ ಮುಂದೆ ಜನ ಪಫ್ಸ್ ತಿನ್ನುತ್ತ ನೋಡುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಗಿರಾಕಿಗಳು. ಅಳತೆ ಹಿಡಿದವರ ಮೇಲಿನ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ.

ಊರಿಗೆ ವಾಪಸು ಬಂದು ಇದನ್ನು ಅತ್ತೆಗೆ ಹೇಳಿದೆ. ಅತ್ತೆಗೆ ಆಗಲೇ ಮಂಡಿ ಹಿಡಿದುಕೊಂಡಿತ್ತು, ಬಾಯಿ ಮಾತ್ರ ಚುರುಕಾಗಿತ್ತು. ಅವತ್ತು ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ನಂಗಂತೂ ಹಂಗಾಗ್ಬಾರ್ದು ಕಣಮ್ಮ," ಎಂದರು.

ಕೆಲವು ತಿಂಗಳು ಕಳೆಯುವಷ್ಟರಲ್ಲಿ ಮಳಿಗೆಯ ಗಾಳಿ ಕಲ್ಯಾಣದುರ್ಗಕ್ಕೂ ಬೀಸಿತು. ಆರಾಧನೆ ಮುಗಿದ ಮೇಲೆ ಅಂಗಳದ ಬೇವಿನ ಮರದ ಕೆಳಗೆ ಕಮಿಟಿ ಸೇರಿತು, ನಾನೂ ಅತ್ತೆಯೂ ಉಳಿದವರ ಜೊತೆ ಅಲ್ಲೇ ಕೂತೆವು. ಕಾರ್ಯದರ್ಶಿ ರಿಟೈರಾದ ಮೇಷ್ಟ್ರು. ಒಳ್ಳೆಯವರೇ, ಆದರೆ ಎಲ್ಲರನ್ನೂ ಮೂರನೇ ಕ್ಲಾಸಿನ ಮಕ್ಕಳೆಂದೇ ತಿಳಿದಿದ್ದಾರೆ.

"ಆರು ದಿನ ಬೀಗ, ಒಂದಿನ ಹಾಡು. ಇಷ್ಟು ಜಾಗ ಸುಮ್ಕೆ ಬಿದ್ದೈತೆ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲ್ದು," ಎಂದರು. ಅವರ ಮಾತಲ್ಲಿ ಸುಳ್ಳಿರಲಿಲ್ಲ. ಅಯ್ಯಗಾರು, ಎಂದರೆ ನಮ್ಮ ಪಾಸ್ಟರು, ಇರುವ ಮನೆಯ ಗೋಡೆಯೇ ಬಿರುಕು ಬಿಟ್ಟಿತ್ತು. ಆದರೆ ಗೇಟು ಎಷ್ಟಗಲ ಎಂದು ಕೇಳಿದರೆ ಹಿಂದೂಪುರದ ಅಳತೆಯನ್ನೇ ಹೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕುರ್ಚಿಯಲ್ಲಿ ಕೂತೇ ನನಗೆ ಅಪ್ಪಣೆ ಕೊಟ್ಟರು. "ಅಮ್ಮಯ್ಯ, ಕ್ರಿಸ್ಮಸ್ಸಿಗೆ ತಂದಿದ್ದ ರಂಗೋಲಿ ಪುಡಿ ಉಳಿದಿದ್ರೆ ತಗಂಬಾ. ಮೇಷ್ಟ್ರು ಹೇಳಿದ ಗೇಟು ನೆಲದ ಮೇಲೆ ಬರಿ."

ನಾನು ಗೋಡೆಗಳ ಗೆರೆ ಎಳೆದೆ. ಅತ್ತೆ ಆರು ಗಂಡಸರನ್ನು ಎಬ್ಬಿಸಿ, ಚರ್ಚಿನ ಉದ್ದ ಬೆಂಚೊಂದನ್ನು ಹೊರಿಸಿದರು. ಮೇಷ್ಟ್ರಿಗೂ ಒಂದು ಮೂಲೆ. "ಬೆಂಚು ಅಂದ್ಕಬ್ಯಾಡ್ರಪ್ಪ. ಅದ್ರಾಗೆ ನಾನಿದೀನಿ. ನಿಧಾನಕ್ಕೆ ಬನ್ನಿ."

ಮೊದಲು ಎಲ್ಲರೂ ನಕ್ಕರು. ಗೆರೆಯ ಹತ್ತಿರ ಬಂದಾಗ ನಗು ನಿಂತಿತು. ಎರಡು ಕಡೆಯವರ ಕಾಲೂ ರಂಗೋಲಿ ತುಳಿದು, ಗೆರೆ ಮಣ್ಣಲ್ಲಿ ಕಲಸಿಹೋಯಿತು.

"ನೋಡಿದ್ರೇನಪ್ಪ ಮೇಷ್ಟ್ರೇ, ನಿಮ್ಮ ಗೋಡೆನ ನೀವೇ ತುಳಿದ್ಬುಟ್ರಿ," ಎಂದರು ಅತ್ತೆ. "ನಮ್ಮ ಬೀಗಿತ್ತಿ ಸೊಟ್ಟಗೆ ಹೋದ್ರು. ನಾನು ನೆಟ್ಟಗೆ ಹೋಗ್ಬೇಕು. ಅಷ್ಟೇ."

ಅಲ್ಲಿಗೇ ಬಿಡಲಿಲ್ಲ. ಕುಂದುರ್ಪಿ, ಸೆಟ್ಟೂರು ಬಸ್ಸಿನಲ್ಲಿ ಆಸ್ಪತ್ರೆಗೆ ಬರುವ ಹೆಂಗಸರು ಚರ್ಚಿನ ಗೋಡೆಯ ಚೂರು ನೆರಳಲ್ಲಿ ನಿಂತಿರುವುದನ್ನು ಅವರು ದಿನಾ ನೋಡುತ್ತಿದ್ದರು. "ಪಾಪ, ಹೋಗ್ಬೇಕಂದ್ರೆ ಒಂದು ಬಾತ್ರೂಮಿಲ್ಲ. ಆ ಮೀಟಿಂಗ್ ಹಾಲಿನ ಬೀಗ ತೆಗೀರಿ, ಕೂತ್ಕಳ್ಳಲಿ. ದೇವ್ರ ಮನೆ ವಾರಕ್ಕೊಂದ್ಸಲ ತೆಗೆಯೋ ಸಂತೆ ಅಂಗ್ಡಿ ಅಲ್ಲ."

"ಮತ್ತೆ ಬಾಡ್ಗೆ?" ಎಂದರು ಮೇಷ್ಟ್ರು.

"ಒಂದು ಮೂಲೇಲಿ ಎರಡು ಅಂಗ್ಡಿ ಕಟ್ಕಳಿ. ಯಾರು ಬ್ಯಾಡಂದ್ರು?"

ಅಯ್ಯಗಾರು ಅದೇ ಸರಿ ಎಂದರು. ಮೇಷ್ಟ್ರು "ಸರೇ ಸರೇ" ಎಂದು ಗೊಣಗಿದರು. ಗೊಣಗಿದರೂ ಕೆಲಸ ಚೊಕ್ಕವಾಗಿ ಮಾಡಿಸಿದರು, ಅದನ್ನು ಒಪ್ಪಬೇಕು. ಮೂಲೆಯಲ್ಲಿ ಎರಡು ಮಳಿಗೆ, ಹಾಲಿನ ಪಕ್ಕ ಹೆಂಗಸರಿಗೆ ಬಾತ್‌ರೂಮು, ಕುಡಿಯುವ ನೀರು. ಗೇಟಿಗೆ ಎರಡು ಅಗಲ ರೆಕ್ಕೆ ಬಂದವು. ಮೊದಮೊದಲು ಹೆಂಗಸರು ಒಳಗೆ ಬರಲು ಹಿಂಜರಿದರು, ಮತಕ್ಕೆ ಸೇರಿಸಿಕೊಳ್ಳುತ್ತಾರೇನೋ ಎಂಬ ಅಂಜಿಕೆ. ಅತ್ತೆಯೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, "ಬನ್ರವ್ವ, ನೆರಳಿಗೆ ಜಾತಿ ಇಲ್ಲ" ಎಂದು ಕರೆಯುತ್ತಿದ್ದರು.

ಮಾರನೆಯ ವರ್ಷ ಮುಂಗಾರಿನ ಮೊದಲ ಮಳೆ ಬಿದ್ದ ವಾರ ಅತ್ತೆ ಹೋದರು. ಪೆಟ್ಟಿಗೆ ಹೊತ್ತುಕೊಂಡು ಚರ್ಚಿನ ರಸ್ತೆಗೆ ಬಂದಾಗ ಬಸ್ಸಿನ ಹೊತ್ತು, ಮೀಟಿಂಗ್ ಹಾಲು ಜನರಿಂದ ತುಂಬಿತ್ತು. ಮಡಿಲಲ್ಲಿ ಆಸ್ಪತ್ರೆಯ ಚೀಟಿ ಇಟ್ಟುಕೊಂಡಿದ್ದ ಹೆಂಗಸರು ತಲೆಮೇಲೆ ಸೆರಗೆಳೆದುಕೊಂಡು ಎದ್ದು ನಿಂತರು. ಒಬ್ಬ ಅಜ್ಜಿ ರಸ್ತೆಗೇ ನನ್ನ ಹತ್ತಿರ ಬಂದು, "ಯಾರಮ್ಮ?" ಎಂದು ಕೇಳಿತು.

"ನಮ್ಮತ್ತೆ. ಆ ಬಾಗ್ಲಾಗೆ ಕುರ್ಚಿ ಹಾಕ್ಕಂಡು ಕೂರ್ತಿದ್ರಲ್ಲ, ಅವ್ರು."

ಅಜ್ಜಿ ಚಪ್ಪಲಿ ಬಿಟ್ಟು ಗೇಟಿನವರೆಗೂ ನನ್ನ ಜೊತೆ ಬಂತು. ಪೆಟ್ಟಿಗೆ ಹೊತ್ತ ಆರು ಜನರಲ್ಲಿ ಮೇಷ್ಟ್ರೂ ಒಬ್ಬರು, ಗೋಡೆಯ ಕಡೆಗೆ. ಗೇಟು ದಾಟುವಾಗ ನಾನು ಅವರ ಮೊಣಕೈಯನ್ನೇ ನೋಡುತ್ತಿದ್ದೆ. ಅದು ಗೋಡೆಗೆ ತಗುಲಲಿಲ್ಲ. ಯಾರೂ ಕೈ ಬಿಡಲಿಲ್ಲ. ಅಮ್ಮ ನೆನಪಾಗಿ, ಅಳುತ್ತಲೇ ಕಿವಿಗೊಟ್ಟು ಕೇಳಿದೆ. ಪೆಟ್ಟಿಗೆಯೊಳಗಿಂದ ಯಾವ ಸದ್ದೂ ಬರಲಿಲ್ಲ.