ಬೀಜ ಕಂದಾಗುವ ತನಕ

ಕಳೆದ ವಾರ ಕೊಡೈಕಾನಲ್‌ನ ನಮ್ಮ ಹೋಟೆಲಿನ ಉಗ್ರಾಣದಲ್ಲಿ ಒಂದು ವೈನ್ ಬಾಟಲಿ ಒಡೆಯಿತು. ನೆಲ ಒರೆಸಲು ಬಗ್ಗಿದರೆ ನಮ್ಮ ಕಡೆಯ ಕಪ್ಪು ಪನ್ನೀರು ದ್ರಾಕ್ಷಿಯ ವಾಸನೆ… ನಮ್ಮೂರು ಹನುಮಂತನಪಟ್ಟಿಯಲ್ಲಿ ಪಕ್ಕದ ತೋಟದಲ್ಲಿದ್ದ ದೊಡ್ಡವ್ವ ನೆನಪಾದಳು.

ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಬಳ್ಳಿ ಹಬ್ಬಿದ ಆ ಚಪ್ಪರ, ದ್ರಾಕ್ಷಿ ಪಂದಲು ಒಂದೇ. ಅದನ್ನು ಕಿತ್ತು ಬಾಳೆ ಹಾಕೋಣವೆಂದು ಮೈದುನ ಬೆನ್ನುಬಿದ್ದಿದ್ದ. ಅದೇ ಹೊತ್ತಿಗೆ ಕಂಬಂ ಕಡೆ ವೈನ್ ಮಾಡುವವರು ಬಂದು ಹಣ್ಣು ಕೇಳಿದರು. ಊರವರು ನಕ್ಕರು. ಬ್ರಾಂದಿ, ಬಿಯರ್ ಇರುವಾಗ ಇದನ್ನು ಯಾವನು ಕುಡಿಯುತ್ತಾನೆ ಎಂದರು. ಸುಳ್ಳಲ್ಲ, ದೇಶದ ಕುಡಿತದಲ್ಲಿ ವೈನಿನ ಪಾಲು ಆಗ ಲೆಕ್ಕಕ್ಕೇ ಇರಲಿಲ್ಲ. ದೊಡ್ಡವ್ವ ಮಾತ್ರ ಒಪ್ಪಿಕೊಂಡಳು.

ಮೊದಲ ಸಲವೇ ಎಡವಿದಳು. ಕೊಯ್ಲಿಗೆ ಎರಡು ದಿನ ಮುಂಚೆ ನೀರು ಕಟ್ಟುವುದು ನಮ್ಮಲ್ಲಿ ವಾಡಿಕೆ. ಹಣ್ಣು ಉಬ್ಬಿ ಕೇರಳದ ಲಾರಿಗೆ ಒಳ್ಳೆ ತೂಕ ಬರುತ್ತದೆ. ಹಾಗೇ ಮಾಡಿದಳು. ವೈನಿನವರು ರಸ ಪರೀಕ್ಷಿಸಿ, ಸಿಹಿ ಸಾಲದೆಂದು ಅಷ್ಟೂ ಹಣ್ಣು ವಾಪಸು ಕಳಿಸಿದರು. ಇನ್ನೊಂದು ಕೊಯ್ಲು ನೋಡು, ಅದೂ ತಿರುಗಿ ಬಂದರೆ ಪಂದಲು ಕಿತ್ತುಬಿಡು ಎಂದು ಮೈದುನನಿಗೆ ಮಾತು ಕೊಟ್ಟಳು.

ಮುಂದಿನ ಕೊಯ್ಲಿಗೆ ನೀರು ನಿಲ್ಲಿಸಿದಳು. ಹಣ್ಣು ಕಪ್ಪಾಯಿತು, ಮೋಡವೂ ಕವಿಯಿತು. ಅವಳು ದಿನಾ ಒಂದು ಹಣ್ಣಿನ ಬೀಜ ಕಡಿದು ನೋಡಿ, ಹಸಿರಿದ್ದರೆ ಉಗಿದು ಮನೆಗೆ ಬರುತ್ತಿದ್ದಳು. ಮಳೆ ಬಿದ್ದರೆ ಹಣ್ಣು ಒಡೆದು ಹಾಳಾಗುತ್ತದೆ, ಕೊಯ್ದುಬಿಡು ಎಂದು ತಡೆಯಲಾರದೆ ನಾನೇ ಜಗಳಕ್ಕೆ ನಿಂತೆ.

“ಕೊಂಚ ತಾಳು, ಪೊರುತ್ಕೋ ಕಣ್ಣು. ಬಿತ್ತು ಕಂದಾಗ್ಲಿ. ನಮ್ಮ ಅವಸರಕ್ಕೆ ಅದು ಪಳುಕ್ತದಾ?” ಎಂದಳು ದೊಡ್ಡವ್ವ. ಪಳುಕುವುದೆಂದರೆ ನಮ್ಮ ಕಡೆ ಮಾಗುವುದು.

ಐದನೆಯ ದಿನ ಬೀಜ ಕಂದಾಗಿ ಹಲ್ಲಿಗೆ ಕಟುಂ ಎಂದಿತು. ಕೊಯ್ದು ಕಳಿಸಿದೆವು. ಸಂಜೆ ಲಾರಿ ಖಾಲಿಯಾಗಿ ಮರಳಿದಾಗ ಅವಳು ಪಂದಲಿನ ಕಂಬ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ.

ನಾನು ಹೋಟೆಲಿಗೆ ಸೇರಿದ ಹೊಸತರಲ್ಲಿ, ವೈನ್ ಬಾಟಲಿಗಳು ಧೂಳು ತಿನ್ನುತ್ತಿವೆ ಎಂದು ಅವಳನ್ನು ಛೇಡಿಸಿದ್ದೆ. ಜನ್ಮದಲ್ಲಿ ಒಂದು ತೊಟ್ಟು ವೈನ್ ಕುಡಿಯದವಳು, “ಅದೂ ಪಳುಕ್ತದೆ ಬುಡು,” ಎಂದು ನಕ್ಕಿದ್ದಳು. ಈಗಲೂ ಬ್ರಾಂದಿಯದೇ ದರ್ಬಾರು, ಆದರೂ ವೈನಿಗೊಂದು ಇಡೀ ಕಪಾಟು ಬಂದಿದೆ. ಊಟದ ಜೊತೆ ಜನ ತಾವಾಗಿ ಕೇಳುತ್ತಾರೆ. ನೋಡಲು ಅವಳಿಲ್ಲ… ಆ ಸಂಕಟ ನನಗೆ ಹೋಗುವುದಿಲ್ಲ.

ಭಾನುವಾರ ಊರಿಗೆ ಹೋದೆ. ಪಂದಲು ಹಾಗೇ ಇದೆ, ಕೆಳಗೆ ಅದೇ ಮೈದುನ, ಈಗ ಮುದುಕ, ಕತ್ತರಿ ಹಿಡಿದು ನಿಂತಿದ್ದ. ಹಣ್ಣು ಕಪ್ಪಾಗಿತ್ತು. ಒಂದನ್ನು ಬಾಯಿಗೆ ಹಾಕಿ ಬೀಜ ಕಡಿದ, ಅಂಗೈಗೆ ಉಗಿದು ನೋಡಿದ, ಕತ್ತರಿಯನ್ನು ಜೇಬಿಗಿಟ್ಟ.

“ಇನ್ನೂ ಇಲ್ಲ,” ಎಂದ. “ಅತ್ತಿಗೆ ಇದ್ದಿದ್ರೆ ಬೈತಿದ್ಲು.”