ಜೆರಾರ್ದಾ ಅವರ ಮೂವತ್ತು ಅಂಕಗಳು

ಜೆರಾರ್ದಾ ಅವರನ್ನು ನಾನು ಮೊದಲು ನೋಡಿದ್ದು ಮಾರ್ಚ್ ತಿಂಗಳ ಒಂದು ಸೋಮವಾರ, ಪೊಟೆನ್ಜಾದಲ್ಲಿ ನಾನು ಕೆಲಸ ಮಾಡುವ ಡ್ರೈವಿಂಗ್ ಸ್ಕೂಲಿನ ಬೀಗ ತೆಗೆಯುತ್ತಿದ್ದಾಗ. ವಯಸ್ಸು ಎಪ್ಪತ್ತೊಂದು. ಕಪ್ಪು ಕೋಟು, ಎಡಗೈಯಲ್ಲಿ ಮೊಟ್ಟೆಯ ಬುಟ್ಟಿ, ಬಲಗೈಯಲ್ಲಿ ಸರ್ಕಾರದ ಪತ್ರ.

"ಮಗಾ, ಇದನ್ನ ಓದಿ ಹೇಳು. ನಾನು ಏನು ಮಾಡಿದ್ದೀನಂತೆ?"

ಓದಿದೆ. ನಮ್ಮಲ್ಲಿ ಪ್ರತಿ ತಪ್ಪಿಗೂ ಲೈಸೆನ್ಸಿನಿಂದ ಅಂಕ ಕಳೆಯುತ್ತಾರೆ; ಅವರ ಅಂಕಗಳೆಲ್ಲ ಮುಗಿದಿದ್ದವು. ಮೂವತ್ತು ದಿನದೊಳಗೆ ಮತ್ತೆ ಪರೀಕ್ಷೆಗೆ ಬರಬೇಕು. ಬಾರದಿದ್ದರೆ ಲೈಸೆನ್ಸ್ ಅಮಾನತು, ನಪಾಸಾದರೆ ರದ್ದು.

"ಅತಿವೇಗ, ಹತ್ತು ಸಲ, ಸಲಕ್ಕೆ ಮೂರು ಅಂಕ. ಕೊನೇದು ಫೆಬ್ರವರಿ ಹನ್ನೊಂದು, ಸಲೆರ್ನೊ ಹೆದ್ದಾರೀಲಿ, ಗಂಟೆಗೆ ನೂರ ನಲವತ್ತೆರಡು ಕಿಲೋಮೀಟರು," ಎಂದೆ.

"ಅವತ್ತು ಹಂದಿ ಕೊಯ್ದಿದ್ವಿ. ಸಂಜೆವರೆಗೂ ಸಾಸೇಜ್ ತುಂಬ್ತಾ ಕೂತಿದ್ನಲ್ಲ!" ಎಂದವರು ಪತ್ರವನ್ನು ನನ್ನ ಕೈಯಿಂದ ಕಿತ್ತುಕೊಂಡು, "ಕಾನಿಯೋ!" ಎಂದು ಹಲ್ಲು ಕಚ್ಚಿದರು.

ಕಾನಿಯೋ ಅವರ ಮಗ. ಊರೂರು ತಿರುಗಿ ಟೈಲ್ಸ್ ಮಾರುವವನು. ವೇಗ ಹಿಡಿಯುವ ಕ್ಯಾಮೆರಾಕ್ಕೆ ಕಾಣುವುದು ಹಿಂದಿನ ನಂಬರ್ ಪ್ಲೇಟು ಮಾತ್ರ. ಓಡಿಸಿದವರು ಯಾರೆಂದು ಮಾಲೀಕರು ಬರೆದು ಕಳಿಸಬೇಕು. ನಮ್ಮ ಕಡೆ ತಮ್ಮ ಅಂಕ ಉಳಿಸಿಕೊಳ್ಳಲು ಅಜ್ಜಿಯ ಹೆಸರು ಬರೆಯುವುದು ವಾಡಿಕೆ. ಭಾನುವಾರದ ಪಾಸ್ತಾ ತಟ್ಟೆಯ ಪಕ್ಕ ಕಾಗದ ಬರುತ್ತದೆ, ಅಜ್ಜಿ ಓದದೆ ಸಹಿ ಹಾಕುತ್ತಾಳೆ. ಜೆರಾರ್ದಾ ಮದುವೆಗೆ ಮುಂಚೆಯೇ ಲೈಸೆನ್ಸ್ ಪಡೆದಿದ್ದರು. ಗಂಡ ಕೀಲಿ ಕೊಡಲೇ ಇಲ್ಲ. ಒಂದು ದಿನವೂ ಗಾಡಿ ಓಡಿಸದ ಅವರಿಗೆ, ತಪ್ಪೇ ಮಾಡದ ಚಾಲಕಿಯೆಂದು ಮೆಚ್ಚಿ, ಸರ್ಕಾರ ಎರಡು ವರ್ಷಕ್ಕೊಮ್ಮೆ ಬಹುಮಾನದ ಅಂಕ ಕೊಡುತ್ತ ಮೂವತ್ತಕ್ಕೆ ಏರಿಸಿತ್ತು. ಅಷ್ಟನ್ನೂ ಮಗ ತಿಂದು ಮುಗಿಸಿದ್ದ.

ಮಧ್ಯಾಹ್ನ ಅವನೂ ಬಂದ. "ರದ್ದಾದ್ರೆ ಆಗ್ಲಿ ಬಿಡಮ್ಮಾ. ಈ ವಯಸ್ಸಲ್ಲಿ ನಿನಗ್ಯಾಕೆ ಲೈಸೆನ್ಸು?"

"ಮನೆ ನಿಮ್ಮಪ್ಪನ ಹೆಸರಲ್ಲಿ, ಹೊಲ ನಿನ್ನ ಹೆಸರಲ್ಲಿ. ನನ್ನ ಹೆಸರಲ್ಲಿರೋದು ಇದೊಂದೇ ಕಣೋ. ಬಿಡಲ್ಲ."

ತರಗತಿಯಲ್ಲಿ ಅವರ ಪಕ್ಕ ಕೂರುತ್ತಿದ್ದವಳು ನುನ್ಸಿಯಾ, ಸ್ಕೂಟರ್ ಲೈಸೆನ್ಸ್ ಅಮಾನತಾದ ಹದಿನಾರರ ಹುಡುಗಿ.

"ಅಜ್ಜೀ, ನೂರ ನಲವತ್ತೆರಡಾ! ನಾನು ಅರವತ್ತಕ್ಕೇ ಸಿಕ್ಕಿಬಿದ್ದೆ."

"ಹೆಸರು ಬರೆಯೋಕೆ ನಿನಗೆ ಅಮ್ಮ ಇಲ್ವೇನೇ?"

"ಇದ್ದಾಳೆ. ಪೊಲೀಸ್ರು ಮುಖ ನೋಡ್ಬಿಟ್ರಲ್ಲ!"

ಲಿಖಿತ ಪರೀಕ್ಷೆಯಲ್ಲಿ ಜೆರಾರ್ದಾ ಒಂದೇ ಉತ್ತರ ತಪ್ಪಿದರು. ಆಮೇಲೆ ದಿನಾ ನನ್ನನ್ನು ಪಕ್ಕ ಕೂರಿಸಿಕೊಂಡು ಗಾಡಿ ಓಡಿಸಲು ಕಲಿತರು. ಓಡಿಸುವ ಪರೀಕ್ಷೆಯ ದಿನ ಅವರ ನಿಧಾನದ ಗಾಡಿಯ ಹಿಂದೆ ಹಾರ್ನ್‌ಗಳ ಸಾಲು. ಪರೀಕ್ಷಕರು ಬೇಡಿಕೊಂಡರು: "ಅಮ್ಮಾ, ದಯವಿಟ್ಟು ಸ್ವಲ್ಪ ಬೇಗ ಹೋಗಿ."

"ನನ್ನ ದಾಖಲೆ ನೋಡಿದ ಮೇಲೂ ಹೀಗಂತೀರಾ ಸಾರ್?"

ಪಾಸಾದರು.

ಮುಂದಿನ ಭಾನುವಾರ ತಟ್ಟೆಯ ಪಕ್ಕ ಮತ್ತೆ ಕಾಗದ ಬಂದಿತ್ತಂತೆ. "ನಾನು ಓಡಿಸಿದ್ದಕ್ಕೆ ಮಾತ್ರ ನನ್ನ ಸಹಿ," ಎಂದು ಅದನ್ನು ಹಿಂದಕ್ಕೆ ತಳ್ಳಿದರಂತೆ. ಶರತ್ಕಾಲದಲ್ಲಿ ಕಾನಿಯೋ ಫೋನಿನಲ್ಲಿ ಮಾತಾಡುತ್ತ ಗಾಡಿ ಓಡಿಸುತ್ತಿದ್ದಾಗ ಪೊಲೀಸರು ಕೈ ಅಡ್ಡ ಹಿಡಿದರು. ಈ ಸಲ ಮುಖ ಕಂಡಿತ್ತು. ಅವನ ಲೈಸೆನ್ಸ್ ಅಮಾನತಾಯಿತು.

ಈಗ ಮಂಗಳವಾರ ಮತ್ತು ಶುಕ್ರವಾರ ಜೆರಾರ್ದಾ ಮಗನನ್ನೂ ಅವನ ಟೈಲ್ಸ್ ಮಾದರಿಗಳನ್ನೂ ಕೂರಿಸಿಕೊಂಡು ಅಂಗಡಿಯಿಂದ ಅಂಗಡಿಗೆ ಗಾಡಿ ಓಡಿಸುತ್ತಾರೆ. ವೇಗ ಐವತ್ತು ದಾಟುವುದಿಲ್ಲ.