ಸಮುದ್ರ ಯಾವ ಕೈಗೆ?

ಹಳೆಯ ಬ್ಯಾಗೊಂದನ್ನು ಕೊಡವುತ್ತಿದ್ದೆ. ಒಳಜೇಬಿನಿಂದ ಹೆಬ್ಬೆರಳಿನಷ್ಟು ಗಾತ್ರದ ಗಾಜಿನ ಬಾಟಲಿಯೊಂದು ಉರುಳಿತು. ಹಸಿರು ಮುಚ್ಚಳ, ಅಕ್ಷರ ಅಳಿಸಿಹೋದ ಚೀಟಿ. ಒಳಗಿದ್ದ ಮುಲಾಮು ಒಣಗಿ ತಳಕ್ಕೆ ಕಚ್ಚಿಕೊಂಡಿತ್ತು. ಮುಚ್ಚಳ ತಿರುವಿದ್ದೇ ತಡ, ಜಾಯಿಕಾಯಿಯ ವಾಸನೆ ಗಪ್ಪನೆ ಮೂಗಿಗೆ ಹತ್ತಿತು... ಕುಮಟೆಯ ಈ ಬಾಡಿಗೆ ಮನೆಯಲ್ಲಿ ಕೂತಿದ್ದವನ ಕಣ್ಣೆದುರು ಮಲೇಷ್ಯಾದ ಪೆನಾಂಗಿನ ಗಡಿಯಾರ ಗೋಪುರ ಬಂದು ನಿಂತಿತು. ಅದರ ಬುಡದಲ್ಲಿ ಕರಿ ಛತ್ರಿ ಹಿಡಿದ ಅಕ್ಕೋರು.

ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲರೂ ಅಕ್ಕೋರೇ. ಆದರೆ ನಾನು ಮೊದಲು ಕೆಲಸಕ್ಕೆ ಸೇರಿದ ಭಟ್ಕಳದ ಹೈಸ್ಕೂಲಿನಲ್ಲಿ ಬರೀ ಅಕ್ಕೋರು ಎಂದರೆ ಭೂಗೋಳದ ಅಕ್ಕೋರು. ಕುಮಟೆ ಹತ್ತಿರದ ಬಾಡದ ಮೀನುಗಾರರ ಮನೆಯವರು. ಗಿಡ್ಡ ದೇಹ, ದೊಡ್ಡ ಗಂಟಲು, ಮೂಗಿನ ತುದಿಯಲ್ಲೇ ಸಿಟ್ಟು. ಹೊನ್ನಾವರದಿಂದ ಇಂಗ್ಲಿಷ್ ಕಲಿಸಲು ಹೋದ ನನಗೆ, ಮಕ್ಕಳಿಗಿಂತ ಒಂದು ತೂಕ ಹೆಚ್ಚೇ ಹೆದರಿಕೆ ಅವರೆಂದರೆ. ಎಂಟನೆಯ ತರಗತಿಯ ಮೊದಲ ಪಾಠಕ್ಕೆ ಅವರು ಪುಸ್ತಕ ತೆರೆಯುತ್ತಲೇ ಇರಲಿಲ್ಲ. ಮಕ್ಕಳನ್ನೆಲ್ಲ ಮೈದಾನಕ್ಕೆ ಕರೆದೊಯ್ದು ಕೇಳುತ್ತಿದ್ದರು.

"ಹೊನ್ನಾವರಕ್ಕೆ ಹೋಪಾಗ ಸಮುದ್ರ ಯಾವ ಕೈಗೆ?"

"ಎಡಗೈಗೆ!"

"ಬೈಂದೂರಿಗೆ?"

"ಬಲಗೈಗೆ!"

ಎಡಗೈಗೆ ಸಮುದ್ರವಿದ್ದರೆ ಉತ್ತರ, ಬಲಗೈಗೆ ಇದ್ದರೆ ದಕ್ಷಿಣ. ಕರಾವಳಿಯಲ್ಲಿ ಹುಟ್ಟಿದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಯೇ ಇಲ್ಲ. ಬಸ್ಸಿನಲ್ಲಿ ನಿದ್ದೆಯಿಂದ ಎದ್ದರೂ ಗಾಳಿ ಯಾವ ಕಿಟಕಿಯಿಂದ ಬರುತ್ತಿದೆ ಎಂದು ನೋಡಿಯೇ ಊರು ಹೇಳುವವರು ನಾವು.

ಒಂಬತ್ತು ವರ್ಷದ ಹಿಂದೆ ಪೆನಾಂಗ್ ದ್ವೀಪದ ಎದುರು ದಡದ ಶಾಲೆಯೊಂದು ಕಡಲ ತೀರದ ಮಕ್ಕಳ ಶಿಬಿರಕ್ಕೆ ನಮ್ಮ ಶಾಲೆಯನ್ನು ಕರೆಯಿತು. ಹನ್ನೆರಡು ಮಕ್ಕಳು, ಅಕ್ಕೋರು, ಜೊತೆಗೆ ನಾನು. ಅಕ್ಕೋರಿಗೆ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ನನ್ನದು ಇನ್ನೂ ಕಾಯಂ ಆಗದ ನೌಕರಿ. ಮಕ್ಕಳನ್ನು ಒಪ್ಪಿಸುವುದು ಸುಲಭವಿತ್ತು, ಅಪ್ಪಂದಿರನ್ನು ಒಪ್ಪಿಸುವುದೇ ಕಷ್ಟವಾಗಿದ್ದು. ಹೆಬಳೆಯಲ್ಲಿ ಮಲ್ಲಿಗೆ ಬೆಳೆಯುವ ಒಬ್ಬರ ಮನೆಗೆ ನಾವು ಮೂರು ಸಲ ಹೋದೆವು. ಮೂರನೆಯ ಸಲ ಅವರು ಹೂವಿನ ಬುಟ್ಟಿ ಕೆಳಗಿಟ್ಟು ಹೇಳಿದರು:

"ಹುಡುಗಿ ಒಂದ್ನೇ ಉಡುಪಿಗೂ ಕಳ್ಸಿದವ ಅಲ್ಲ ನಾನು. ನಿಮ್ಮ ಮುಖ ನೋಡಿ ಕಳಿಸ್ತೆ, ಅಕ್ಕೋರೆ. ಹೆಚ್ಚುಕಮ್ಮಿ ಆದ್ರೆ ಮುಂದೆ ಇದ್ನೂ ಓದ್ಸೂದಿಲ್ಲ, ಇದ್ರ ತಂಗಿನೂ ಓದ್ಸೂದಿಲ್ಲ. ಈಗ್ಲೇ ಹೇಳ್ಯೆ."

"ಆತು," ಎಂದರು ಅಕ್ಕೋರು. ಅಷ್ಟೇ.

ಪೆನಾಂಗಿನಲ್ಲಿ ಅವರನ್ನು ನೋಡಿದವರಿಗೆ ನಗು ತಡೆಯುವುದು ಕಷ್ಟವಾಗುತ್ತಿತ್ತು. ಹೆಗಲಲ್ಲಿ ಅವಲಕ್ಕಿ ಡಬ್ಬಿ, ಕೈಯಲ್ಲಿ ಕರಿ ಛತ್ರಿ. ಬೇರೆ ತಂಡದವರೆಲ್ಲ ಬಾವುಟ ಎತ್ತಿಕೊಂಡು ಮುಂದೆ ನಡೆದರೆ ನಮ್ಮ ಅಕ್ಕೋರು ಛತ್ರಿ ಎತ್ತಿಕೊಂಡು ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದರು. ಹಾಗೇಕೆ ಎಂದು ಕೇಳಿದ್ದಕ್ಕೆ ರಂಪಣಿಯ ಕತೆ ಹೇಳಿದರು. ಬಾಡದ ದಂಡೆಯಲ್ಲಿ ಇಡೀ ಕೇರಿ ಸೇರಿ ಆ ದೊಡ್ಡ ಬಲೆಯನ್ನು ಎಳೆಯುವಾಗ, ಹಗ್ಗದ ಕಡೆಯ ತುದಿಗೆ ಅವರ ಅಪ್ಪ ನಿಲ್ಲುತ್ತಿದ್ದರಂತೆ. ಅಲ್ಲಿಂದ ಎಲ್ಲರ ಬೆನ್ನೂ ಕಾಣುತ್ತದೆ, ಯಾರ ಕಾಲು ಜಾರಿದರೂ ತಿಳಿಯುತ್ತದೆ. "ಮುಂದೆ ಹೋಪವಂಗೆ ದಾರಿ ಮಾತ್ರ ಕಾಣ್ತದೆ ಮಾರಾಯಾ. ಮಕ್ಕಳು ಕಾಣೂದು ಹಿಂದಿದ್ದವಂಗೆ."

ಮೊದಲ ದಿನವೇ ಮಕ್ಕಳನ್ನು ಕೂರಿಸಿಕೊಂಡು ಎರಡು ಮಾತು ಹೇಳಿದ್ದರಂತೆ. ಈ ಪೇಟೆಗೆ ಸಮುದ್ರ ಪೂರ್ವಕ್ಕಿದೆ, ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ ಎನ್ನುವುದು ಒಂದು. ಯಾರಾದರೂ ತಪ್ಪಿಹೋದರೆ ಹೊರಟ ಜಾಗಕ್ಕೇ ಬಂದು ಕೂರಬೇಕು ಎನ್ನುವುದು ಇನ್ನೊಂದು. 'ಅಂತೆ' ಎನ್ನುತ್ತಿದ್ದೇನೆ, ಯಾಕೆಂದರೆ ಆ ಹೊತ್ತಿಗೆ ನಾನು ಗೋಡೆಯ ಮೇಲಿನ ಚಿತ್ರಗಳ ಫೋಟೋ ತೆಗೆಯುತ್ತಾ ಆಚೆ ಬೀದಿಯಲ್ಲಿದ್ದೆ.

ಮೂರನೆಯ ದಿನ ಮಧ್ಯಾಹ್ನ ಗಡಿಯಾರ ಗೋಪುರದ ಹತ್ತಿರ ಒಬ್ಬ ಹುಡುಗಿಗೆ ವಾಂತಿ ಶುರುವಾಯಿತು. ಅಕ್ಕೋರು ಅವಳನ್ನು ಹತ್ತಿರದ ದವಾಖಾನೆಗೆ ಕರೆದೊಯ್ಯಬೇಕಾಯಿತು. ಉಳಿದ ಹನ್ನೊಂದು ಮಕ್ಕಳನ್ನು ನನಗೆ ಒಪ್ಪಿಸಿದರು. ಐದು ಗಂಟೆಯ ಫೆರ್ರಿಗೆ ಆಚೆ ದಡದ ಶಿಬಿರಕ್ಕೆ ದಾಟಬೇಕು. "ಸಮುದ್ರದ ಗುಂಟ ದಕ್ಷಿಣಕ್ಕೆ ನಡಿ, ಹತ್ತು ನಿಮಿಷಕ್ಕೆ ಫೆರ್ರಿ ನಿಲ್ಲೂ ಧಕ್ಕೆ ಸಿಕ್ತದೆ. ಮಕ್ಕಳ ಹಿಂದೆ, ಕಡೆಗೆ ನಡಿ, ಆತಾ?"

ಅಲ್ಲಿಯ ಸಿಮ್ ಇದ್ದದ್ದು ಅಕ್ಕೋರ ಫೋನಿನಲ್ಲಿ ಮಾತ್ರ. ನನ್ನದು ಫೋಟೋ ತೆಗೆಯಲಷ್ಟೇ ಲಾಯಕ್ಕು. ಆದರೂ ದಕ್ಷಿಣ ಹುಡುಕಲು ನನಗೆ ಫೋನು ಬೇಕೇ? ಮೋಡ ಕವಿದು ಸೂರ್ಯ ಕಾಣುತ್ತಿರಲಿಲ್ಲ. ಸಮುದ್ರವನ್ನು ಬಲಗೈಗೆ ಹಾಕಿಕೊಂಡೆ, ಎದೆಯುಬ್ಬಿಸಿ ಎಲ್ಲರಿಗಿಂತ ಮುಂದೆ ನಡೆದೆ. ಕೋಟೆ ಸುತ್ತಿದೆವು, ಮೈದಾನ ದಾಟಿದೆವು. ಸಮುದ್ರ ಬಲಗೈಗೇ ಇತ್ತು. ಹತ್ತು ನಿಮಿಷ ಹೋಗಿ ಅರ್ಧ ಗಂಟೆಯಾಯಿತು, ಧಕ್ಕೆಯ ಸುಳಿವಿಲ್ಲ. ನಡುವೆ ಹೆಬಳೆಯ ಹುಡುಗಿ ಓಡಿ ಬಂದು, "ಸರ್, ನಾವು ಉಲ್ಟಾ ಹೋಗ್ತಿದ್ವಾ ಅಂತ," ಎಂದಳು. "ನಂಗೆ ದಿಕ್ಕು ಕಲಿಸೂಕೆ ಬರಬೇಡ," ಎಂದು ಗದರಿಸಿ ಹಿಂದಕ್ಕೆ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಮೋಡ ಸರಿಯಿತು. ಸೂರ್ಯ ಗುಡ್ಡದ ಮೇಲಿದ್ದ. ಹುಟ್ಟಿದಾಗಿನಿಂದ ಸೂರ್ಯ ಗುಡ್ಡದಲ್ಲಿ ಮೂಡಿ ಸಮುದ್ರದಲ್ಲಿ ಮುಳುಗುವುದನ್ನೇ ಕಂಡವನು ನಾನು. ಸಂಜೆಯ ಸೂರ್ಯ ಗುಡ್ಡದ ತಲೆಯ ಮೇಲೆ ನಿಂತಿದ್ದಾನೆಂದರೆ ಇಲ್ಲಿ ಪಡುವಣ ಗುಡ್ಡದ ಕಡೆಗೆ, ನಾನು ನಡೆದದ್ದೇ ಉಲ್ಟಾ. ತಿರುಗಿ ಮಕ್ಕಳನ್ನು ಎಣಿಸಿದೆ. ಹತ್ತು. ಮತ್ತೆ ಎಣಿಸಿದೆ. ಹತ್ತೇ. ಸಾಲಿನ ಕಡೆಯಲ್ಲಿದ್ದ ಹೆಬಳೆಯ ಹುಡುಗಿ ಇರಲಿಲ್ಲ.

ಆ ಮುಂದಿನ ಒಂದು ಗಂಟೆ ಹತ್ತು ಮಕ್ಕಳನ್ನು ಕೈ ಕೈ ಹಿಡಿಸಿಕೊಂಡು ಬಂದ ದಾರಿಯಲ್ಲಿ ಅಂಗಡಿ ಅಂಗಡಿ ಕೇಳುತ್ತಾ ಓಡಿದೆ. ನನ್ನ ಇಂಗ್ಲಿಷು ನನ್ನ ಬಾಯಿಗೇ ಬರಲೊಲ್ಲದು. ಹೂವಿನ ಬುಟ್ಟಿ ಕೆಳಗಿಟ್ಟ ಆ ಅಪ್ಪನ ಮುಖ ಒಂದೇ ಕಣ್ಣ ಮುಂದೆ.

ಗಡಿಯಾರ ಗೋಪುರದ ಬುಡದಲ್ಲಿ ಕರಿ ಛತ್ರಿ ಕಂಡಿತು. ಅಕ್ಕೋರ ಒಂದು ಪಕ್ಕದಲ್ಲಿ ವಾಂತಿಯ ಹುಡುಗಿ, ಇನ್ನೊಂದು ಪಕ್ಕದಲ್ಲಿ ಹೆಬಳೆಯ ಹುಡುಗಿ, ಇಬ್ಬರೂ ಅವಲಕ್ಕಿ ತಿನ್ನುತ್ತಿದ್ದರು. ಚಪ್ಪಲಿಯ ಪಟ್ಟಿ ಕಿತ್ತು ಹೆಬಳೆಯವಳು ಹಿಂದೆ ಉಳಿದಿದ್ದಳು. ತಲೆ ಎತ್ತುವಷ್ಟರಲ್ಲಿ ನಾವಿಲ್ಲ. ಹೇಗಿದ್ದರೂ ನಾವು ಹೊರಟದ್ದು ತಪ್ಪು ದಿಕ್ಕಿಗೆ ಎಂದು ಅವಳಿಗೆ ಗೊತ್ತಿತ್ತು. ಹೊರಟ ಜಾಗಕ್ಕೇ ಬಂದು ಕೂತಿದ್ದಳು. ಅಕ್ಕೋರು ದವಾಖಾನೆಯಿಂದ ಬರುವವರೆಗೆ ಮುಕ್ಕಾಲು ಗಂಟೆ ಒಬ್ಬಳೇ.

ಬೈಗುಳಕ್ಕೆ ಕುತ್ತಿಗೆ ಒಡ್ಡಿ ನಿಂತೆ. ಅಕ್ಕೋರು ಬೈಯಲಿಲ್ಲ. ನನ್ನ ಮುಖ ನೋಡಿದರು, ಬ್ಯಾಗಿನಿಂದ ಈ ಬಾಟಲಿ ತೆಗೆದು ಕೊಟ್ಟರು. "ತಲೆಗೆ ಹಚ್ಕೊ. ಮುಂದಿನ ಫೆರ್ರಿ ಅದೆ." ಹಿಂದಿನ ದಿನವಷ್ಟೇ ಸಂತೆಯಲ್ಲಿ ಅದನ್ನು ಮೂಸಿ, "ಇದು ನಮ್ಮ ಯಾಣದ ಬದಿ ಜಾಯಿಕಾಯಿಯೇ ಸೈ," ಎಂದು ಕೊಂಡಿದ್ದರು. ಧಕ್ಕೆಗೆ ನಡೆಯುವಾಗ ಸಮುದ್ರ ಎಡಗೈಗಿತ್ತು.

ಊರಿಗೆ ಬಂದ ಮೇಲೆ ಸುದ್ದಿ ಮುಚ್ಚಿಡುವುದಾಗಲಿಲ್ಲ. ಹನ್ನೆರಡು ಬಾಯಿ! ಶಾಲೆಯಲ್ಲಿ ಪಾಲಕರ ಸಭೆ ಸೇರಿತು. ಹೆಬಳೆಯವರು ಎದ್ದು ನಿಂತು ಕೇಳಿದರು: "ಹುಡುಗಿ ಪರದೇಶದ ಬೀದಿಯಲ್ಲಿ ಒಂದೇ ಕೂತಿತ್ತಂತೆ. ದಾರಿ ತಪ್ಪಿಸಿದ್ದು ಯಾರು?"

ನಾನು ಏಳಬೇಕಿತ್ತು. ಏಳಲಿಲ್ಲ.

"ನಾನು," ಎಂದರು ಅಕ್ಕೋರು. "ದಿಕ್ಕು ಹೇಳಿದ್ದು ನಾನು. ತಪ್ಪು ಹೇಳ್ದೆ. ಸರ್ ನಾ ಹೇಳಿದ್ ಬದಿಗೆ ಹೋದ್ರು."

ಮೂವತ್ತು ವರ್ಷ ಭಟ್ಕಳದ ಮಕ್ಕಳಿಗೆ ದಿಕ್ಕು ಕಲಿಸಿದವರು ತುಂಬಿದ ಸಭೆಯಲ್ಲಿ ಹಾಗೆಂದರು. ಹೆಬಳೆಯವರು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೂತರು. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿಗಳೇ, "ಅಕ್ಕೋರೆ, ಕುಮಟೆ ಬಸ್ಸು ಯಾವ ಬದಿಗೆ?" ಎಂದು ಛೇಡಿಸುತ್ತಿದ್ದರು. ಅವರೂ ನಗುತ್ತಿದ್ದರು. ಪಕ್ಕದಲ್ಲಿ ನಿಂತ ನಾನು ನೆಲ ನೋಡುತ್ತಿದ್ದೆ. ಒಮ್ಮೆ ಮಾತ್ರ ಧೈರ್ಯ ಮಾಡಿ, ಹೀಗೇಕೆ ಮಾಡಿದಿರಿ ಎಂದು ಕೇಳಿದೆ. "ನಿಂಗೆ ಇನ್ನೂ ಮೂವತ್ ವರ್ಷ ಮಕ್ಕಳನ್ನ ಕರ್ಕಂಡ್ ಹೋಗೂಕದೆ. ನಂದು ಮುಗೀತ್ ಬಂತು," ಎಂದು ಸಿಡುಕಿ ಬಸ್ಸು ಹತ್ತಿದರು.

ಮರುವರ್ಷ ನನ್ನ ನೌಕರಿ ಕಾಯಂ ಆಯಿತು, ಅವರು ನಿವೃತ್ತರಾದರು. ಹೆಬಳೆಯ ಹುಡುಗಿ ಓದು ಮುಂದುವರಿಸಿದಳು. ಅವಳ ತಂಗಿಯೂ ನಮ್ಮ ಶಾಲೆಗೇ ಬಂದಳು. ನನಗದು ಸೋಜಿಗ. ಆದರೆ ಕೇಳುವ ಬಾಯಿ ನನಗಿರಲಿಲ್ಲ.

ಕಳೆದ ವರ್ಷ ಅಕ್ಕೋರು ಹೋದರು. ಬಾಡದಲ್ಲಿ ಅವರ ಹನ್ನೆರಡನೆಯ ದಿನದ ಊಟಕ್ಕೆ ಹೆಬಳೆಯವರೂ ಬಂದಿದ್ದರು. ಕೈ ತೊಳೆಯುವಲ್ಲಿ ಒಬ್ಬರೇ ಸಿಕ್ಕರು. ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ದಾರಿ ತಪ್ಪಿಸಿದ್ದು ನಾನು, ನಿಮ್ಮ ಮಗಳನ್ನು ಗದರಿಸಿದ್ದೂ ನಾನು ಎಂದೆ.

ಅವರು ಹೆಗಲ ಮೇಲಿನ ಟವೆಲಿಗೆ ನಿಧಾನ ಕೈ ಒರೆಸಿಕೊಂಡರು.

"ಹುಡುಗಿ ಬಂದ ದಿನವೇ ಹೇಳಿತ್ತು. ಸಭೆಲಿ ನೀವು ಏಳ್ತ್ರಿ ಅಂತ ಕಾದಿದ್ದೆ. ಅಕ್ಕೋರು ಎದ್ರು. ಇಂಥವ್ರ ಸಂಗಡ ಕಳ್ಸೂಕೆ ಎಂತ ಹೆದ್ರಿಕೆ ಅಂತ ಸಣ್ಣದನ್ನೂ ಕಳಿಸ್ದೆ." ಹೊರಡಲು ತಿರುಗಿದವರು ನಿಂತರು. "ಅವ್ರು ಇದ್ದಾಗ ಹೇಳಿದ್ರೆ ಆಗ್ತಿತ್ತು, ಸರ್. ಅವ್ರಿಗೂ ಕೇಳ್ತಿತ್ತು."

ಬಾಟಲಿಯ ಮುಚ್ಚಳ ಮತ್ತೆ ಬಿಗಿದು ಮೇಜಿನ ಮೇಲಿಟ್ಟಿದ್ದೇನೆ. ಎಸೆಯಲು ಮನಸ್ಸಿಲ್ಲ. ನಾಳೆ ಬೆಳಿಗ್ಗೆ ನಲವತ್ತು ಮಕ್ಕಳನ್ನು ಯಾಣಕ್ಕೆ ಕರೆದೊಯ್ಯಬೇಕು. ಛತ್ರಿ ಬಾಗಿಲ ಹಿಂದೆ ತಯಾರಿದೆ. ಅಕ್ಕೋರು ನಿವೃತ್ತರಾದಾಗಿನಿಂದ, ಎಂಟು ವರ್ಷದಿಂದ, ನಾನು ಎಲ್ಲಿ ಹೋದರೂ ಕಡೆಗೇ ನಡೆಯುತ್ತೇನೆ, ಎಲ್ಲ ಮಕ್ಕಳ ಬೆನ್ನೂ ಕಾಣುತ್ತದೆ. ಆದರೂ ನಡುನಡುವೆ ತಿರುಗಿ ನನ್ನ ಹಿಂದೆ ನೋಡುತ್ತೇನೆ... ಅಲ್ಲಿ ಯಾರೂ ಇರುವುದಿಲ್ಲ.